ಹಟ್ಟಿಯ ಬಸುರಿ, ಆಸ್ಪತ್ರೆಯ ಹೆರಿಗೆ: ಪದ್ಧತಿಗೆ ಜಾಗ ಕೊಟ್ಟು ಜೀವ ಕಾಯುವ ಬಗೆ

ತುಮಕೂರು ಜಿಲ್ಲೆಯ ಸಿರಾ, ಪಾವಗಡ, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ಗೊಲ್ಲರಹಟ್ಟಿಗಳಿಂದ (ಗೊಲ್ಲರು ಬೇಲಿ ಕಟ್ಟಿಕೊಂಡು ವಾಸಿಸುವ ಪುಟ್ಟ ಊರುಗಳಿಂದ) ಬಸುರಿಯರು ಈಗ ಆಸ್ಪತ್ರೆಗೆ ಬರುತ್ತಾರೆ. ಬರುವುದೇ ಇಲ್ಲ ಅನ್ನುವ ಕಾಲ ಹೆಚ್ಚುಕಡಿಮೆ ಮುಗಿಯಿತು. ಈಗಿನ ತಕರಾರೆಲ್ಲ ಬಂದ ಮೇಲಿನದು: ಹೆರಿಗೆ ಕೋಣೆಯೊಳಗೆ ಯಾರು ಇರಬೇಕು, ಮಲಗಿಯೇ ಹೆರಬೇಕಾ, ಕಸ (ಮಗುವಿನ ಹಿಂದೆ ಬೀಳುವ ಮಾಸು) ಎಲ್ಲಿಗೆ ಹೋಗುತ್ತೆ, ಮಗುವಿಗೆ ಮೊದಲು ಏನು ಕುಡಿಸಬೇಕು, ಡಿಸ್ಚಾರ್ಜ್ ಆದ ಮೇಲೆ ಬಾಣಂತಿ ಮನೆಯೊಳಗೆ ಹೋಗಬಹುದಾ ಇಲ್ಲವಾ. ಇಂಥ ಒಂದೊಂದು ವಿಷಯಕ್ಕೂ ಜಗಳ ಆಗುತ್ತದೆ. ಜಗಳ ಆದ ಮನೆಯ ಮುಂದಿನ ಬಸುರಿ ನೋವು ತೀರ ಜಾಸ್ತಿಯಾಗುವ ತನಕ ಮನೆಯಲ್ಲೇ ಉಳಿಯುತ್ತಾಳೆ.

ಈ ಬರಹ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್‌ಗಳು, ವೈದ್ಯರು ಮತ್ತು ಆಶಾ ಕಾರ್ಯಕರ್ತೆಯರಿಗಾಗಿ. ಹೆರಿಗೆಗೆ ಕರೆತರುವ ಮನೆಯವರೂ ಓದಿಕೊಳ್ಳಬಹುದು. ಉದಾಹರಣೆಗಳು ಮುಖ್ಯವಾಗಿ ಕುರಿ ಸಾಕುವ ಕಾಡುಗೊಲ್ಲರ ಹಟ್ಟಿಗಳವು. ನಾಯಕರ ಹಳ್ಳಿ, ಲಂಬಾಣಿ ತಾಂಡಾ, ಹಕ್ಕಿಪಿಕ್ಕಿ ಕಾಲೊನಿಗಳಲ್ಲೂ ಇದೇ ಕ್ರಮ ನಡೆಯುತ್ತದೆ, ಆಚರಣೆಗಳು ಮಾತ್ರ ಬೇರೆ. ಹಟ್ಟಿಯಿಂದ ಹಟ್ಟಿಗೂ ಪದ್ಧತಿ ಬೇರೆಯಾಗುತ್ತದೆ. ಹಾಗಾಗಿ "ಗೊಲ್ಲರಲ್ಲಿ ಹೀಗಂತೆ" ಎಂದು ಮೊದಲೇ ತೀರ್ಮಾನಿಸದೆ ಆ ಮನೆಯಲ್ಲೇ ಕೇಳಿ ತಿಳಿಯಬೇಕು.

1. ಮಾತು ಏಳನೇ ತಿಂಗಳಲ್ಲೇ ಆಗಲಿ

ನೋವು ತಿನ್ನುತ್ತಿರುವ ಹೆಣ್ಣಿನ ಮುಂದೆ ನಿಂತು ಸಂಪ್ರದಾಯದ ಬಗ್ಗೆ ಚರ್ಚೆ ಮಾಡಲು ಆಗುವುದಿಲ್ಲ. ಬಾಗಿಲಲ್ಲಿ ನಡೆಯುವ ಮಾತಿಗೆ ಎರಡೇ ಕೊನೆ: ಆಸ್ಪತ್ರೆಯವರು ಗದರುತ್ತಾರೆ, ಇಲ್ಲವೇ ಮನೆಯವರು ಸುಮ್ಮನಿದ್ದು ಆಮೇಲೆ ತಮಗೆ ಬೇಕಾದ ಹಾಗೆ ಮಾಡುತ್ತಾರೆ. ಆದ್ದರಿಂದ 28ರಿಂದ 32ನೇ ವಾರದೊಳಗೆ ಆಶಾ ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ (ಹಳ್ಳಿಗೆ ಬರುವ ನರ್ಸ್, ಎಎನ್‌ಎಂ) ಒಮ್ಮೆ ಮನೆಗೇ ಹೋಗಿ ಮಾತಾಡಬೇಕು. ಸೀಮಂತದ ಯೋಚನೆಯೂ ಹೆಚ್ಚಾಗಿ ಅದೇ ಹೊತ್ತಿಗೆ ನಡೆಯುವುದರಿಂದ ಮನೆಯ ಹಿರಿಯ ಹೆಂಗಸರು ಸಿಗುತ್ತಾರೆ.

ಬಸುರಿ ಒಬ್ಬಳ ಹತ್ತಿರ ಮಾತಾಡಿ ಬಂದರೆ ಕೆಲಸ ಅರ್ಧ ಆದ ಹಾಗೆ. ಬಾಣಂತನ ನಡೆಸುವವರು ಅತ್ತೆ, ಅಜ್ಜಿ ಅಥವಾ ತವರಿನ ತಾಯಿ, ಸೂತಕದ ದಿನ ಹೇಳುವವರು ಹಟ್ಟಿಯ ಪೂಜಾರಿ ಅಥವಾ ಯಜಮಾನರು. ಇಬ್ಬರನ್ನೂ ಬೇರೆ ಬೇರೆ ಕಾಣಬೇಕು. ಬಸುರಿಯ ಜೊತೆ ಐದು ನಿಮಿಷವಾದರೂ ಒಂಟಿಯಾಗಿ ಮಾತಾಡಬೇಕು. ಅತ್ತೆ ಪಕ್ಕದಲ್ಲಿದ್ದರೆ ಅವಳ ಬಾಯಿಂದ ಬರುವುದು "ಅವರು ಹೆಂಗೆ ಹೇಳಿದ್ರೆ ಹಂಗೆ" ಅನ್ನುವ ಮಾತೊಂದೇ.

ಕೇಳುವ ರೀತಿ ಹೀಗಿರಲಿ: "ಅಜ್ಜಿ, ನಿಮ್ಮನೇಲಿ ಮಗು ಆದಾಗ ಮೊದ್ಲಿಂದ ಏನೇನು ಮಾಡ್ತೀರಾ, ಸ್ವಲ್ಪ ಹೇಳ್ತೀರಾ?" "ಮೂಢನಂಬಿಕೆ ಏನಾದ್ರೂ ಇದ್ಯಾ" ಅಂತ ಕೇಳಿದರೆ ಬಾಗಿಲು ಅಲ್ಲೇ ಮುಚ್ಚಿತು. ಪಾವಗಡ, ಮಧುಗಿರಿ ಭಾಗದಲ್ಲಿ ಮನೆಮಾತು ತೆಲುಗು ಇರುವವರು ತುಂಬ ಜನ. ಅಲ್ಲಿ ತೆಲುಗು ಬಲ್ಲವರೇ ಹೋಗಲಿ.

ತಿಳಿದುಕೊಳ್ಳಬೇಕಾದ್ದು ಇಷ್ಟು. ಹೆರಿಗೆ ಹೊತ್ತಿನಲ್ಲಿ ಜೊತೆಗೆ ಯಾರು ಇರಬೇಕು, ಯಾರು ಇರಬಾರದು? ಗಂಡಸು ವೈದ್ಯರು ನೋಡುವುದಕ್ಕೆ ಅಡ್ಡಿ ಇದೆಯಾ? ಕಸ ಮತ್ತು ಹೊಕ್ಕುಳಬಳ್ಳಿಯನ್ನು ಏನು ಮಾಡುತ್ತಾರೆ? ಮಗುವಿನ ಬಾಯಿಗೆ ಮೊದಲು ಏನು ಹಾಕುತ್ತಾರೆ? ಬಾಣಂತಿಗೆ ಯಾವುದು ಪಥ್ಯ, ಯಾವುದು ನಿಷಿದ್ಧ? ಕೋಳಿಯನ್ನು ಹಟ್ಟಿಯೊಳಗೇ ಬಿಟ್ಟುಕೊಳ್ಳದ ಹಟ್ಟಿಗಳಿವೆ. ಅಲ್ಲಿನ ಬಾಣಂತಿಗೆ ಮೊಟ್ಟೆ ಕೊಟ್ಟರೆ ಅದು ತಟ್ಟೆಯಲ್ಲೇ ಉಳಿಯುತ್ತದೆ, ಬದಲಿಗೆ ಮೊಳಕೆಕಾಳು, ಹಾಲು, ಶೇಂಗಾ ಯೋಚಿಸಬೇಕಾಗುತ್ತದೆ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ: ಸೂತಕ ಎಷ್ಟು ದಿನ, ಆ ದಿನಗಳಲ್ಲಿ ತಾಯಿ ಮಗು ಎಲ್ಲಿರುತ್ತಾರೆ? ಆ ಜಾಗವನ್ನು ಕಣ್ಣಾರೆ ನೋಡಿ ಬನ್ನಿ.

ಉತ್ತರಗಳನ್ನು ಅರ್ಧ ಪುಟದಲ್ಲಿ ಬರೆದು ತಾಯಿ ಕಾರ್ಡಿಗೆ ಪಿನ್ ಮಾಡಿ. ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿರುವ ನರ್ಸ್‌ಗೆ ಹಟ್ಟಿಯ ಕಥೆ ಗೊತ್ತಿರುವುದಿಲ್ಲ, ಅವರ ಕೈಗೆ ಸಿಗುವುದು ಆ ಕಾರ್ಡು ಮಾತ್ರ.

2. ಆಚರಣೆಗಳನ್ನು ವಿಂಗಡಿಸುವುದು

ಬರೆದುಕೊಂಡದ್ದನ್ನು ವೈದ್ಯಾಧಿಕಾರಿಯ ಜೊತೆ ಕೂತು ಮೂರು ಪಾಲು ಮಾಡಿ. ತೊಂದರೆ ಇಲ್ಲದ್ದಕ್ಕೆ ಅವಕಾಶ ಕೊಡುವುದು, ಸ್ವಲ್ಪ ತಿದ್ದಿದರೆ ಸರಿಹೋಗುವುದನ್ನು ತಿದ್ದುವುದು, ಅಪಾಯದ್ದನ್ನು ತಡೆಯುವುದು. ಪಟ್ಟಿ ಮಾಡಿ ನೋಡಿದರೆ ಮೊದಲನೆಯ ಪಾಲೇ ದೊಡ್ಡದಿರುತ್ತದೆ. ಕಾಲಿಗೆ ಕಪ್ಪು ಬೊಟ್ಟು, ಮಂಚದ ಕಾಲಿಗೆ ಬೇವಿನ ಸೊಪ್ಪು, ಮನೆದೇವರ ಹರಕೆ ದಾರ, ಬಾಣಂತಿಯ ತಲೆಗೆ ಬಟ್ಟೆ, ಕಿವಿಗೆ ಹತ್ತಿ: ಇವುಗಳಿಂದ ಆಸ್ಪತ್ರೆಗೆ ಹೋಗುವುದು ಏನೂ ಇಲ್ಲ. ಇವಕ್ಕೆಲ್ಲ ಬೈದು ವ್ಯರ್ಥ ಮಾಡಿಕೊಂಡ ನಂಬಿಕೆ, ನಿಜಕ್ಕೂ ಬೇಕಾದ ಕಡೆ ಸಿಗುವುದಿಲ್ಲ.

ಮನೆಯ ಪದ್ಧತಿಯನ್ನು ಮಾತ್ರ ಜರಡಿ ಹಿಡಿದರೆ ನ್ಯಾಯವಾಗುವುದಿಲ್ಲ. ಮಗು ಬೇಗ ಬರಲೆಂದು ಹೊಟ್ಟೆಯ ಮೇಲೆ ಕೈಯೂರಿ ಒತ್ತುವುದು ಹಳ್ಳಿಯಲ್ಲೂ ಉಂಟು, ಹೆರಿಗೆ ಕೋಣೆಯಲ್ಲೂ ಉಂಟು. ಎರಡೂ ಕಡೆ ತಪ್ಪು, ಗರ್ಭಕೋಶಕ್ಕೂ ಮಗುವಿಗೂ ಪೆಟ್ಟು. ಹೆರಿಗೆ ದಾರಿ ಅಗಲವಾಗಲೆಂದು ಪ್ರತಿಯೊಬ್ಬರಿಗೂ ಕೆಳಗೆ ಕೊಯ್ಯುವುದು, ಎಲ್ಲರನ್ನೂ ಅಂಗಾತ ಮಲಗಿಸುವುದು, ನೋವು ಶುರುವಾದ ಕೂಡಲೇ ಅನ್ನ ನೀರು ನಿಲ್ಲಿಸುವುದು ಆಸ್ಪತ್ರೆಯ ಅಭ್ಯಾಸಗಳಷ್ಟೇ. ಕಡಿಮೆ ಅಪಾಯದ ಹೆರಿಗೆಯಲ್ಲಿ ಇವು ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳು ಹೇಳುತ್ತವೆ. ಬೈಗುಳ, ತೊಡೆಗೆ ಏಟು ಇವಕ್ಕಂತೂ ಯಾವ ಶಾಸ್ತ್ರದಲ್ಲೂ ಜಾಗ ಇಲ್ಲ. ಹಟ್ಟಿಗೆ ಮೊದಲು ತಲುಪುವ ಸುದ್ದಿಯೂ ಅದೇ.

3. ಜೊತೆಗೆ ಯಾರು

ಹೆರಿಗೆ ವೇಳೆ ಒಬ್ಬ ಸಂಗಾತಿ ಇರಲು ಕೇಂದ್ರ ಸರ್ಕಾರ 2016ರಲ್ಲೇ ಅನುಮತಿ ಕೊಟ್ಟಿದೆ. ಆಕೆ ಹೆರಿಗೆ ಕಂಡ ಹೆಂಗಸಾಗಿದ್ದರೆ ಒಳ್ಳೆಯದು, ಸೋಂಕು ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಪೂರ್ತಿ ಹೊತ್ತು ಜೊತೆಗಿರಬೇಕು, ಚಿಕಿತ್ಸೆಯಲ್ಲಿ ಕೈ ಹಾಕಬಾರದು, ಪಕ್ಕದ ಬಸುರಿಯ ಕಡೆ ಹೋಗಬಾರದು. ಇಷ್ಟು ಪಾಲಿಸುವ ಹಟ್ಟಿಯ ಸೂಲಗಿತ್ತಿಯೂ ಒಳಗೆ ಬರಬಹುದು. ಕಸುಬು ಬಲ್ಲ ಸೂಲಗಿತ್ತಿಯ ಕೈಯ ಬೆಲೆ ಈ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು, 2018ರಲ್ಲಿ ಪದ್ಮಶ್ರೀ ಪಡೆದವರು.

ಸೂಲಗಿತ್ತಿಗೆ ಕೆಲಸ ಹಂಚಿಕೊಡಿ: ಸೊಂಟ ನೀವುವುದು, ನಡೆಸುವುದು, ಗುಟುಕು ನೀರು ಕುಡಿಸುವುದು, ಧೈರ್ಯ ಹೇಳುವುದು. ಒಳಪರೀಕ್ಷೆ, ಬಳ್ಳಿ ಎಳೆಯುವುದು, ಹೊಟ್ಟೆ ಒತ್ತುವುದು ಅವರ ಪಾಲಿನದಲ್ಲ ಎಂದು ಮೊದಲೇ, ಮರ್ಯಾದೆಯಿಂದ ಹೇಳಿಬಿಡಿ. ಒಂದು ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಊರಿನಲ್ಲಿ ಯಾರಾದರೂ "ನೋವು ಬರೋ ಇಂಜೆಕ್ಷನ್" ಕೊಟ್ಟು ಕಳಿಸಿದ್ದಾರಾ ಎಂದು ಬಂದ ತಕ್ಷಣ ಕೇಳಿ. ಹೆರಿಗೆಗೆ ಮುಂಚೆ ಮನೆಯಲ್ಲಿ ಚುಚ್ಚಿದ ಆಕ್ಸಿಟೋಸಿನ್ ಗರ್ಭಕೋಶವನ್ನು ಹರಿಯಬಲ್ಲದು, ಮಗುವಿನ ಉಸಿರು ಕಟ್ಟಿಸಬಲ್ಲದು. ಬೈದರೆ ನಿಜ ಹೇಳುವುದಿಲ್ಲ, ಬಯ್ಯದೆ ಕೇಳಿ.

4. ಕೋಣೆ, ನೋವು, ಭಂಗಿ

ಕೋಣೆಗೆ ದೊಡ್ಡ ಖರ್ಚಿಲ್ಲ. ಪ್ರತಿ ಮೇಜಿನ ಸುತ್ತ ಪರದೆ, ತೊಳೆಯಬಹುದಾದ ದಪ್ಪ ಮ್ಯಾಟ್, ಹಿಡಿದು ನಿಲ್ಲಲು ಗೋಡೆಗೆ ಗಟ್ಟಿ ಸರಳು, ಬಿಸಿನೀರು, ಮಗು ಹುಟ್ಟುವ ಹೊತ್ತಿಗೆ 25ರಿಂದ 28 ಡಿಗ್ರಿ ಬಿಸಿ. ಫ್ಯಾನ್ ಆರಿಸುವುದು ಮರೆಯಬಾರದು. ಡಿಸೆಂಬರಿನ ಬೆಳಗಿನ ಜಾವ ಪಾವಗಡದಲ್ಲೂ ಚಳಿ ಇರುತ್ತದೆ.

ಮನೆಹೆರಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಮಂಡಿಯೂರಿ, ಹಗ್ಗವನ್ನೋ ಯಾರದಾದರೂ ಹೆಗಲನ್ನೋ ಹಿಡಿದು ಹೆರುತ್ತಿದ್ದರು. ಅದು ಕಾಡುತನ ಅಲ್ಲ. ನೆಟ್ಟಗಿದ್ದರೆ ಮಗುವಿನ ಭಾರವೇ ಕೆಳಗೆ ಇಳಿಯಲು ನೆರವಾಗುತ್ತದೆ. ಅಂಗಾತ ಮಲಗಿದಾಗ ಗರ್ಭಕೋಶ ದೊಡ್ಡ ರಕ್ತನಾಳಗಳ ಮೇಲೆ ಕೂತು ತಲೆಸುತ್ತು ಬರಬಹುದು, ಮಗುವಿಗೆ ರಕ್ತ ಕಡಿಮೆಯಾಗಬಹುದು. ಮೊದಲ ಹಂತದಲ್ಲಿ ನಡೆಯಲು, ಕೂರಲು, ಮಂಡಿಯೂರಲು ಬಿಡಿ. ಮುಕ್ಕುವ ಹೊತ್ತಿಗೆ ಮೇಜಿನ ಬೆನ್ನು ಎತ್ತರಿಸಿ ಕೂರಿಸಬಹುದು, ಎಡಮಗ್ಗುಲಲ್ಲಿ ಮಲಗಿಸಬಹುದು, ಮ್ಯಾಟ್ ಮೇಲೆ ಕುಕ್ಕರಗಾಲಲ್ಲಿ ಕೂರಿಸಬಹುದು. ಕುಕ್ಕರಗಾಲಿಗೆ ಇಬ್ಬರು ಬೇಕು: ಹಿಂದಿನಿಂದ ಆತುಕೊಳ್ಳಲು ಸಂಗಾತಿ, ಮುಂದೆ ಮಗುವಿನ ತಲೆ ಕಾಯಲು ನರ್ಸ್. ತಲೆ ಬೇಗ ಬಂದು ಹರಿಯುವುದು ಈ ಭಂಗಿಯ ತೊಂದರೆ. ತಲೆ ಕಾಣಿಸಿದ ಮೇಲೆ ಮುಕ್ಕುವುದು ನಿಲ್ಲಿಸಿ ಬಾಯಲ್ಲಿ ಉಸಿರು ಬಿಡಲು ಹೇಳಿ, ಅಂಗೈಯಲ್ಲಿ ತಲೆಗೆ ಆಸರೆ ಕೊಡಿ. ರಕ್ತಸ್ರಾವ, ತೀವ್ರ ರಕ್ತದೊತ್ತಡ ಇದ್ದವರಿಗೆ, ಮಗುವಿನ ಎದೆಬಡಿತ ತಪ್ಪುತ್ತಿದ್ದರೆ ಭಂಗಿಯನ್ನು ವೈದ್ಯರೇ ನಿರ್ಧರಿಸಲಿ. ಯಾವ ಭಂಗಿಯಾದರೂ ಎದೆಬಡಿತ ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವಾಗ 5 ನಿಮಿಷಕ್ಕೊಮ್ಮೆ ಕೇಳಲೇಬೇಕು.

ಸಿಸೇರಿಯನ್ ಸಾಧ್ಯತೆ ಇಲ್ಲದ ಸಾಮಾನ್ಯ ಹೆರಿಗೆಯಲ್ಲಿ ರಾಗಿ ಗಂಜಿ, ಹಾಲು, ನೀರು, ಎಳನೀರು ಕೊಡಬಹುದು. ತೆಂಗಿನ ಸೀಮೆಯಲ್ಲಿ ಎಳನೀರಿಗೇನು ಬರ.

ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಪ್ರತಿ ಸಲವೂ ಕೇಳಿ, ಪರದೆ ಎಳೆದು, ಸೀರೆ ಎಷ್ಟು ಬೇಕೋ ಅಷ್ಟೇ ಸರಿಸಿ. ಗಂಡಸು ವೈದ್ಯರೇ ಇರುವ ಆಸ್ಪತ್ರೆಯಲ್ಲಿ ಅದನ್ನು ಏಳನೇ ತಿಂಗಳಲ್ಲೇ ತಿಳಿಸಿರಬೇಕು, ಹೆಂಗಸು ಸಿಬ್ಬಂದಿ ಪಕ್ಕದಲ್ಲಿರಬೇಕು.

5. ಬಳ್ಳಿ, ಕಸ, ಮೊದಲ ಹಾಲು

ಕಸ ಬೀಳುವ ತನಕ ಬಳ್ಳಿ ಕೊಯ್ಯಬಾರದೆಂದು ಹಳಬರು ಹೇಳುವುದುಂಟು. ಇದರಲ್ಲಿ ಅರ್ಧ ವೈದ್ಯಶಾಸ್ತ್ರವೂ ಒಪ್ಪುವಂಥದ್ದೇ: ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ 1ರಿಂದ 3 ನಿಮಿಷ ಕಾದು ಕ್ಲಾಂಪ್ ಹಾಕಿ. ಆ ಹೊತ್ತಿನಲ್ಲಿ ಹರಿದುಬರುವ ರಕ್ತದಿಂದ ಮಗುವಿನ ಕಬ್ಬಿಣದ ದಾಸ್ತಾನು ಹೆಚ್ಚುತ್ತದೆ. ಕಸ ಬೀಳುವ ತನಕ ಕಾಯಬೇಕಿಲ್ಲ ಎನ್ನುವುದನ್ನು ಅಜ್ಜಿಗೆ ಹೇಳುವಾಗ, "ನಿಮ್ಮ ಮಾತಿನಂಗೆ ಕಾಯ್ತೀವಿ, ಬಳ್ಳಿ ಬಡಿತ ನಿಲ್ಲೋಷ್ಟು" ಅಂದರೆ ಸಾಕು. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುವುದು ಇದಕ್ಕೆ ಅಡ್ಡಿಯಲ್ಲ. ಹೆರಿಗೆಗೆ ಮುಂಚೆ ಮನೆಯಲ್ಲಿ ಚುಚ್ಚುವ ಇಂಜೆಕ್ಷನ್ ವಿಷ, ಹೆರಿಗೆಯಾದ ಮೇಲಿನದು ರಕ್ಷಣೆ. ಔಷಧ ಒಂದೇ, ಹೊತ್ತು ಬೇರೆ ಎಂದು ಮನೆಯವರಿಗೆ ಬಿಡಿಸಿ ಹೇಳಿ, ಇಲ್ಲದಿದ್ದರೆ ಗೊಂದಲ ಆಗುತ್ತದೆ.

ಹೊಕ್ಕುಳಿಗೆ ಬೂದಿ, ಅರಿಶಿನ, ಹರಳೆಣ್ಣೆ, ಸಗಣಿ ಯಾವುದೂ ಬೇಡ. ಒಣಗಲು ಬಿಡುವುದೇ ಮದ್ದು. ತಾಯಿ ಮಗುವಿನ ಧನುರ್ವಾಯು ದೇಶದಲ್ಲಿ ನಿರ್ಮೂಲನೆಯ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ದೃಢಪಟ್ಟಿತು. ಅದಕ್ಕೆ ಲಸಿಕೆ ಮತ್ತು ಶುದ್ಧ ಬ್ಲೇಡು ಎರಡೂ ಕಾರಣ.

ಕಸದ ವಿಷಯ ಸೂಕ್ಷ್ಮ. ಮನೆಯ ಹತ್ತಿರ ಹೂಳುವ ಪದ್ಧತಿ ಇರುವವರಿಗೆ ಅದನ್ನು ಹಳದಿ ಚೀಲಕ್ಕೆ ಹಾಕುವುದು ಮಗುವಿನದೇ ಒಂದು ಭಾಗವನ್ನು ತಿಪ್ಪೆಗೆ ಎಸೆದಂತೆ ಕಾಣುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಡಿ ಆಸ್ಪತ್ರೆ ಅದನ್ನು ಹಳದಿ ಚೀಲದಲ್ಲೇ ವಿಲೇವಾರಿ ಮಾಡುತ್ತದೆ ಎಂದು ಮೊದಲೇ ಹೇಳಿ. ಕಸ ಬಿದ್ದ ಮೇಲೆ ಹಾಲೆಗಳು ಪೂರ್ತಿ ಇವೆಯಾ, ಪೊರೆ ಹರಿದಿದೆಯಾ ಎಂದು ತಟ್ಟೆಯಲ್ಲಿ ಹರಡಿ ನೋಡಬೇಕು. ಒಂದು ಚೂರು ಒಳಗೆ ಉಳಿದರೂ ರಕ್ತ ನಿಲ್ಲುವುದಿಲ್ಲ. ಆ ಹೊತ್ತಿಗೆ ಜೊತೆಗಿರುವ ಅಜ್ಜಿಗೂ ತೋರಿಸಿ: "ನೋಡಿ ಅಜ್ಜಿ, ಪೂರ್ತಿ ಬಿದ್ದಿದೆ." ಹೂಳುವ ಶಾಸ್ತ್ರ ಬಿಡಲಾಗದವರಿಗೆ ಒಂದು ದಾರಿ ಇದೆ. ಐದರಿಂದ ಹದಿನೈದು ದಿನದೊಳಗೆ ಮನೆಯಲ್ಲಿ ಉದುರುವ ಹೊಕ್ಕುಳಬಳ್ಳಿಯ ಒಣತುಂಡು ಅವರದೇ. ಶಾಸ್ತ್ರವನ್ನು ಅದಕ್ಕೆ ಮಾಡಿಕೊಳ್ಳುತ್ತೀರಾ ಎಂದು ಏಳನೇ ತಿಂಗಳಲ್ಲೇ ಹಿರಿಯರನ್ನು ಕೇಳಿ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಬದಲಿಗೆ ಸಕ್ಕರೆ ನೀರು, ಜೇನು, ಹರಳೆಣ್ಣೆ, ಕತ್ತೆಹಾಲು ನೆಕ್ಕಿಸುವುದು ತಡೆಯಬೇಕಾದ ಪಾಲಿಗೆ ಸೇರಿದವು. ಕುರಿ ಸಾಕುವವರಿಗೆ ಇದನ್ನು ಹೇಳಲು ಭಾಷಣ ಬೇಡ. ಗಿಣ್ಣು ಕುಡಿಯದ ಕುರಿಮರಿ ಉಳಿಯುವುದಿಲ್ಲ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, ಅದೇ ಹಾಲು ಹುಡುಕಿಕೊಳ್ಳುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯ, ಅದರಲ್ಲಿರಬಹುದಾದ ಬೀಜಾಣು ಕರುಳಲ್ಲಿ ಬೆಳೆದು ನರ ಸೋಲಿಸುತ್ತದೆ. "ದೇವರ ಹೆಸರಲ್ಲಿ ತುಟಿಗೆ ಮುಟ್ಟಿಸಲೇಬೇಕು" ಎಂದು ಹಿರಿಯರು ಪಟ್ಟು ಹಿಡಿದರೆ ತಾಯಿಯ ಹಾಲನ್ನೇ ಒಂದು ಹನಿ ಹಿರಿಯರ ಶುದ್ಧ ಬೆರಳಿಂದ ಮುಟ್ಟಿಸಲಿ. ಒಳಲೆ (ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು) ಮನೆಯಲ್ಲಿದ್ದರೆ ತೆಗೆದಿಡಲು ಹೇಳಬೇಡಿ. ಎದೆ ಚೀಪಲಾಗದ ಕಡಿಮೆ ತೂಕದ ಮಗುವಿಗೆ ಹಿಂಡಿದ ತಾಯಿಹಾಲು ಕುಡಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಪ್ರತಿ ಸಲ ಕುದಿಸಿ ಬಳಸಬೇಕು, ಅಷ್ಟೇ.

6. ಹೊರಗೆ ಕೂರಿಸುವ ಪದ್ಧತಿ

ಇದು ಈ ಇಡೀ ವಿಷಯದ ಕಷ್ಟದ ಭಾಗ. ಕೆಲವು ಹಟ್ಟಿಗಳಲ್ಲಿ ಸೂತಕ ಕಳೆಯುವ ತನಕ ಬಾಣಂತಿ ಮತ್ತು ಕೂಸು ಹಟ್ಟಿಯ ಹೊರಗೆ ಗರಿಯ, ಟಾರ್ಪಾಲಿನ ಗುಡಿಸಲಲ್ಲಿ ಇರಬೇಕಾಗುತ್ತದೆ. ಹೆರಿಗೆ ಆಸ್ಪತ್ರೆಯಲ್ಲೇ ಆದರೂ ವಾಪಸು ಹೋಗುವುದು ಆ ಗುಡಿಸಲಿಗೇ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ ಹೀಗೆ ಇರಿಸಿದ್ದ ಕೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡದ್ದು ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ನವಜಾತ ಶಿಶುವಿನ ಮೈ ಬಿಸಿ 36.5ರಿಂದ 37.5 ಡಿಗ್ರಿ ಇರಬೇಕು. ಒದ್ದೆ ನೆಲ, ಗಾಳಿ ಬೀಸುವ ತಡಿಕೆ ಇರುವಲ್ಲಿ 2 ಕೆ.ಜಿ.ಯ ಮಗು ಆ ಬಿಸಿಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುತ್ತದೆ. ಆಮೇಲೆ ಹಾಲು ಕುಡಿಯುವುದಿಲ್ಲ, ಸಕ್ಕರೆ ಅಂಶ ಇಳಿಯುತ್ತದೆ, ಸೋಂಕು ಏರುತ್ತದೆ.

ಗೌರವ ಅಂದರೆ ಇದಕ್ಕೂ ತಲೆಯಾಡಿಸುವುದಲ್ಲ. ಮುಟ್ಟಾದವರನ್ನು, ಬಸುರಿ ಬಾಣಂತಿಯರನ್ನು ಬಲವಂತವಾಗಿ ಬೇರೆ ಇಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ, ಕಾಯ್ದೆ 2020ರಿಂದ ಜಾರಿಯಲ್ಲಿದೆ. ಆದರೆ ಮೊದಲ ಮಾತಿಗೇ ಕಾಯ್ದೆ ತೆಗೆದರೆ ಗುಡಿಸಲು ಇನ್ನೂ ದೂರದ ಹೊಲಕ್ಕೆ ಹೋಗುತ್ತದೆ, ಆಶಾಗೆ ಕಾಣದ ಹಾಗೆ.

ಮಾತಿಗೆ ಸಿಗುವ ಎಳೆ ಒಂದಿದೆ. ಹಿರಿಯರ ಚಿಂತೆ ಹಟ್ಟಿಯೊಳಗಿನ ದೇವರ ಗುಡಿಗೆ ಮೈಲಿಗೆ ತಾಗಬಾರದು ಎನ್ನುವುದು. ಬಾಣಂತಿ ಮಳೆಯಲ್ಲಿ ನೆನೆಯಬೇಕು ಎಂದು ಅವರಲ್ಲಿ ಯಾರೂ ಹೇಳುವುದಿಲ್ಲ. ಹಾಗಾದರೆ ಸೂತಕ ಎಲ್ಲಿ ಕಳೆಯಬೇಕು ಎಂಬುದು ಮಾತಾಡಬಹುದಾದ ವಿಷಯ. ಮನೆಯಲ್ಲೇ ಬೇರೆ ಬಾಗಿಲಿನ ಕೋಣೆ ಸಾಧ್ಯವಾದರೆ ಅದೇ ಉತ್ತಮ. ಇಲ್ಲವಾದರೆ ಆ ನಿಯಮ ಇಲ್ಲದ ಊರಿನ ನೆಂಟರ ಮನೆ, ತೋಟದ ಪಕ್ಕಾ ಮನೆ, ಸಿರಾ ಅಥವಾ ಗುಬ್ಬಿಯಲ್ಲಿ ಬಾಡಿಗೆ ಕೋಣೆ. ತವರುಮನೆಯೂ ಹಟ್ಟಿಯೇ ಆಗಿದ್ದರೆ ಅಲ್ಲೂ ಇದೇ ಕಥೆ, ಆದ್ದರಿಂದ ಮೊದಲೇ ವಿಚಾರಿಸಿ. ಕೆಲವು ಕಡೆ ಸರ್ಕಾರ ಕಟ್ಟಿಸಿದ ಕೃಷ್ಣ ಕುಟೀರಗಳಿವೆ. ಕುಟೀರ ಕಟ್ಟಿಕೊಟ್ಟರೆ ಹೊರಗಿಡುವುದಕ್ಕೇ ಸರ್ಕಾರದ ಮುದ್ರೆ ಒತ್ತಿದಂತೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ಆಷಾಢದ ರಾತ್ರಿ ಟಾರ್ಪಾಲು ಮತ್ತು ಆರ್‌ಸಿಸಿ ಸೂರಿನ ನಡುವೆ ಆರಿಸಬೇಕಾದಾಗ ಸೂರನ್ನೇ ಆರಿಸಬೇಕು, ವಾದವನ್ನು ಹಗಲು ಮುಂದುವರಿಸಬಹುದು.

ಜಾಗ ಯಾವುದೇ ಆಗಲಿ, ಡಿಸ್ಚಾರ್ಜಿಗೆ ಮುಂಚೆ ಆಶಾ ಹೋಗಿ ನೋಡಬೇಕಾದ್ದು: ಸೋರದ ಸೂರು, ಒಣ ನೆಲ, ಒಳಗಿನಿಂದ ಚಿಲಕ, ಕರೆಂಟು ದೀಪ, ಹತ್ತಿರದಲ್ಲಿ ಶೌಚಾಲಯ ಮತ್ತು ನೀರು, ಬಿಸಿನೀರು ಕಾಯಿಸಲು ವ್ಯವಸ್ಥೆ, ಚಾರ್ಜ್ ಇರುವ ಫೋನು, ಬಾಗಿಲ ತನಕ ವಾಹನ ಬರುವ ದಾರಿ. ಎಲ್ಲಕ್ಕಿಂತ ಮುಖ್ಯ, ರಾತ್ರಿ ಜೊತೆಗೆ ಮಲಗುವ ಇನ್ನೊಬ್ಬ ದೊಡ್ಡ ಹೆಂಗಸು. ಇವುಗಳಲ್ಲಿ ಸೂರು, ಒಣ ನೆಲ, ಜೊತೆಗಾತಿ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಡಿಸ್ಚಾರ್ಜ್ ಮುಂದೂಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಉಚಿತ ಊಟ ಇದೆ, ಆ ದಿನಗಳನ್ನು ಪೂರ್ತಿ ಬಳಸಿಕೊಳ್ಳಬಹುದು. ಮಗು 2,500 ಗ್ರಾಂಗಿಂತ ಕಡಿಮೆ ಇದ್ದರೆ ಇನ್ನೂ ಬಿಗಿಯಾಗಿರಿ, ಎದೆಗಪ್ಪಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ತಾಯಿಗೂ ಜೊತೆಗಾತಿಗೂ ಕಲಿಸದೆ ಕಳಿಸಬೇಡಿ. ವಾಪಸು ಬಿಡುವ ಆಂಬುಲೆನ್ಸಿನ ಚಾಲಕರಿಗೂ ಒಪ್ಪಿದ ವಿಳಾಸವನ್ನೇ ಬರೆದುಕೊಡಿ. "ಬೇಲಿ ಹತ್ರ ಇಳಿಸಿ" ಅಂದರೆ ಅಷ್ಟು ದಿನದ ಮಾತೆಲ್ಲ ನೀರುಪಾಲು.

ಯಜಮಾನರಿಂದ ಒಂದು ಮಾತನ್ನು ನಾಲ್ಕು ಜನರ ಎದುರು ಪಡೆದಿಟ್ಟುಕೊಳ್ಳಿ: ಪ್ರಾಣಾಪಾಯ ಬಂದಾಗ ಸೂತಕ ನೋಡುವುದಿಲ್ಲ, ಯಾರು ಬೇಕಾದರೂ ಮುಟ್ಟಿ ಎತ್ತಿ 108ಕ್ಕೆ ಹಾಕಬಹುದು. ಆ ಮಾತು ಇಲ್ಲದಿದ್ದರೆ ರಾತ್ರಿ ರಕ್ತ ಹರಿಯುವಾಗ ಯಾರು ಮುಟ್ಟಬೇಕು ಎಂಬ ಗೊಂದಲದಲ್ಲೇ ಅರ್ಧ ಗಂಟೆ ಹೋಗುತ್ತದೆ.

ಆಶಾ ಭೇಟಿಯ ದಿನಗಳು 3, 7, 14, 21, 28, 42. ಅದೇ ಹಟ್ಟಿಯ ಆಶಾ ಆಗಿದ್ದರೆ ಬಾಣಂತಿಯನ್ನು ಮುಟ್ಟಿದ ಮೇಲೆ ತಲೆಗೆ ನೀರು ಹಾಕಿಕೊಂಡೇ ಮನೆ ಸೇರಬೇಕೆಂಬ ಒತ್ತಡ ಅವರ ಮೇಲೂ ಇರಬಹುದು. ಆಗ ಭೇಟಿ ನಡೆಯುವುದು ರಿಜಿಸ್ಟರಿನಲ್ಲಿ ಮಾತ್ರ, ಮಗುವಿನ ತೂಕ ಅಂದಾಜಿನದು. ಅವರನ್ನು ಬೈಯುವ ಬದಲು ಸ್ನಾನಕ್ಕೆ ಮುಂಚಿನ ಬೆಳಗಿನ ಹೊತ್ತು ನಿಗದಿ ಮಾಡಿ, ಇಲ್ಲವೇ ಪಕ್ಕದ ಊರಿನ ಆಶಾ ಜೊತೆ ಅದಲುಬದಲು ಮಾಡಿ.

7. ಪಥ್ಯ, ಸ್ನಾನ, ಹೊಗೆ

ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ: ದುಡಿಮೆಯಿಂದ ಬಿಡುವು, ಬಿಸಿ ಊಟ, ಎಣ್ಣೆ ತಿಕ್ಕುವ ಕೈ, ಮಗು ನೋಡಿಕೊಳ್ಳುವ ಅಜ್ಜಿ. ಕೆಡುವುದು ಪಥ್ಯ ಅತಿಯಾದಾಗ. ರಾಗಿ ಭಾರ, ಸೊಪ್ಪು ಶೀತ, ಕಾಳು ವಾಯು ಎಂದು ಒಂದೊಂದೇ ತೆಗೆದು ಕೊನೆಗೆ ಉಳಿಯುವುದು ಬಿಳಿ ಅನ್ನ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಪಾಲಿಶ್ ಅಕ್ಕಿಯಲ್ಲಿ ಬಿ1 ಜೀವಸತ್ವ ಇರುವುದು ಅತ್ಯಲ್ಪ. ತಾಯಿಗೆ ಇಲ್ಲದ್ದು ಹಾಲಿಗೂ ಬರುವುದಿಲ್ಲ. ಎರಡು ಮೂರು ತಿಂಗಳಲ್ಲಿ ದುಂಡಗಿದ್ದ ಮಗು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ವಾಂತಿ ಮಾಡಿ, ದನಿ ಬಿದ್ದು, ಏದುಸಿರು ಬಿಡತೊಡಗುತ್ತದೆ. ನ್ಯುಮೋನಿಯಾ ಎಂದುಕೊಳ್ಳುವ ಇದು ಶಿಶು ಬೆರಿಬೆರಿ ಆಗಿರಬಹುದು. ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಗಂಟೆಗಳಲ್ಲಿ ಚೇತರಿಕೆ ಕಾಣುತ್ತದೆ, ತಡವಾದರೆ ಹೃದಯ ನಿಲ್ಲುತ್ತದೆ.

ಪಥ್ಯ ಬಿಡಿ ಎನ್ನುವುದಕ್ಕಿಂತ ಪಥ್ಯದೊಳಗೇ ಸೇರಿಸುವುದು ಸುಲಭ. ಸಾರು ಇರಲಿ, ಅದು ಹುರುಳಿಕಟ್ಟಿನ ಸಾರಾಗಲಿ. ಅನ್ನಕ್ಕೆ ಕುಚ್ಚಲಕ್ಕಿ ಅಥವಾ ಕಡಿಮೆ ಪಾಲಿಶ್ ಅಕ್ಕಿ. ಸಬ್ಬಸಿಗೆ ಸೊಪ್ಪು, ಮೆಂತ್ಯದ ಸೊಪ್ಪು ಅನೇಕ ಮನೆಗಳಲ್ಲಿ ಬಾಣಂತಿಗೆ ಒಗ್ಗುವಂಥದ್ದೇ, ನುಗ್ಗೆಸೊಪ್ಪನ್ನೂ ಕೇಳಿ ನೋಡಿ. ಮುದ್ದೆ ಒಪ್ಪದಿದ್ದರೆ ಬಿಸಿ ರಾಗಿ ಗಂಜಿ. ಕೊಬ್ಬರಿ ಬೆಲ್ಲದ ಜೊತೆ ಒಂದು ಹಿಡಿ ಹುರಿದ ಶೇಂಗಾ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ನೀರನ್ನೂ ಅಳೆದು ಕೊಡುವ ಮನೆಗಳಿವೆ. ಅದರಿಂದ ಮಲಬದ್ಧತೆ, ಉರಿಮೂತ್ರ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಜೀರಿಗೆ ಹಾಕಿ ಕುದಿಸಿದ ಬಿಸಿನೀರು ದಿನಕ್ಕೆ ಎರಡೂವರೆ ಮೂರು ಲೀಟರ್ ಅಂದರೆ ಅಜ್ಜಿಯೇ ಫ್ಲಾಸ್ಕ್ ತುಂಬಿಡುತ್ತಾರೆ. ಹೆರಿಗೆ ನಂತರವೂ 180 ದಿನ ಕಬ್ಬಿಣದ ಮಾತ್ರೆ, ಹಾಲು ಟೀ ಜೊತೆಯಲ್ಲಲ್ಲ.

ಮಗುವಿನ ಮೊದಲ ಸ್ನಾನ 24 ಗಂಟೆ ಕಳೆದ ಮೇಲೆ, ಕಡಿಮೆ ತೂಕದ ಮಗುವಿಗೆ ವೈದ್ಯರು ಹೇಳಿದಾಗ. ಎಣ್ಣೆ ತಿಕ್ಕಲಿ, ಹಗುರ ಕೈಯಲ್ಲಿ. ಮೂಗು ಕಿವಿಗೆ ಎಣ್ಣೆ ಬಿಡುವುದು, ಕಫ ತೆಗೆಯಲು ಗಂಟಲಿಗೆ ಬೆರಳು ಹಾಕುವುದು, ಕೂಸಿನ ಎದೆ ಹಿಂಡುವುದು ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ, ಹಿಂಡಿದ ಎದೆಯಲ್ಲಿ ಕೀವು. ಬಜೆ ಕೈಗೆ ಕಟ್ಟಲಿ, ತೇಯ್ದು ನೆಕ್ಕಿಸಬಾರದು, ಕುತ್ತಿಗೆಗೆ ದಾರವೂ ಬೇಡ. ಕಾಡಿಗೆ ಕಾಲಿಗೆ ಸರಿ, ಕಣ್ಣಿಗೆ ಬೇಡ.

ಕೆಂಡ ಮತ್ತು ಸಾಂಬ್ರಾಣಿ ಹೊಗೆಯ ಬಗ್ಗೆ ಎರಡನೇ ಮಾತಿಲ್ಲ: ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಟ್ಟು ಮಲಗಿದರೆ ವಾಸನೆಯಿಲ್ಲದ ವಿಷಾನಿಲ ತಾಯಿ ಮಗು ಇಬ್ಬರನ್ನೂ ನಿದ್ದೆಯಲ್ಲೇ ಕೊಲ್ಲಬಹುದು. ತಾಯಿಯ ಕೂದಲಿಗೆ ಧೂಪ ಹಿಡಿಯುವುದಿದ್ದರೆ ಬಾಗಿಲು ತೆರೆದು, ಮಗುವನ್ನು ಬೇರೆ ಕಡೆ ಇಟ್ಟು. ಸಿಸೇರಿಯನ್ ಆದವರಿಗೆ ಹೊಲಿಗೆಯ ಮೇಲೆ ಸುಡುನೀರು ಹೊಯ್ಯುವುದು, ಹೊಟ್ಟೆ ಬಿಗಿಯಾಗಿ ಕಟ್ಟುವುದು ಎರಡೂ ಕೂಡದು.

8. ತಡಮಾಡದೆ 108ಕ್ಕೆ ಕರೆಯಬೇಕಾದ ಗುರುತು

ತಾಯಿಗೆ: ಗಂಟೆಯೊಳಗೆ ಒಂದಕ್ಕಿಂತ ಹೆಚ್ಚು ಪ್ಯಾಡ್ ತೊಯ್ಯುವ ರಕ್ತ, 38 ಡಿಗ್ರಿ ದಾಟಿದ ಜ್ವರ, ನಾರುವ ಸ್ರಾವ, ತೀವ್ರ ತಲೆನೋವು, ಕಣ್ಣು ಮಂಜು, ಫಿಟ್ಸ್, ಒಂದೇ ಕಾಲಿನ ಊತ ಮತ್ತು ನೋವು. ಮಗುವಿಗೆ: ಹಾಲು ಬಿಡುವುದು, ನಿಮಿಷಕ್ಕೆ 60 ಮೀರಿದ ಉಸಿರು, ಎದೆ ಒಳಸೇದುವುದು, ಪಾದ ಹೊಟ್ಟೆ ತಣ್ಣಗಾಗುವುದು ಅಥವಾ ಮೈ ಕಾಯುವುದು, ಅಂಗೈ ಅಂಗಾಲಿಗೆ ಇಳಿದ ಕಾಮಾಲೆ, ಹೊಕ್ಕುಳ ಸುತ್ತ ಕೆಂಪು, ಫಿಟ್ಸ್. ಓದು ಬಾರದವರಿಗೆ ಚಿತ್ರ ತೋರಿಸಿ, ಆಮೇಲೆ ಅವರ ಬಾಯಲ್ಲೇ ಹೇಳಿಸಿ.

9. ದಿನ, ಮುಹೂರ್ತ, ದಾಖಲೆ

ರಾಹುಕಾಲ ಕಳೆಯಲಿ, ಅಮಾವಾಸ್ಯೆ ದಾಟಲಿ ಎಂದು ಡಿಸ್ಚಾರ್ಜನ್ನು ಕೆಲವು ಗಂಟೆ, ಒಂದು ದಿನ ಆಚೆ ಹಾಕುವುದಕ್ಕೆ ಒಪ್ಪಿ. 48 ಗಂಟೆಗೆ ಮುಂಚೆ ಹೊರಡುವುದಕ್ಕೆ ಒಪ್ಪಬೇಡಿ. ಮುಹೂರ್ತಕ್ಕಾಗಿ 39 ವಾರಕ್ಕೆ ಮುಂಚೆ ಸಿಸೇರಿಯನ್ ಕೇಳಿದರೆ ಮಗುವಿನ ಉಸಿರಾಟದ ತೊಂದರೆ ವಿವರಿಸಿ ನಿರಾಕರಿಸಿ. ಜನನ ನೋಂದಣಿ 21 ದಿನದೊಳಗೆ. ಹೆಸರಿಡುವ ಶಾಸ್ತ್ರ ತಡವಾದರೆ ಚಿಂತೆಯಿಲ್ಲ, ಹೆಸರನ್ನು ಆಮೇಲೆ ಸೇರಿಸಬಹುದು.

10. 42ನೇ ದಿನ

ಕೊನೆಯ ಭೇಟಿಯಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಲಸಿಕೆ, ಮುಂದಿನ ಮಗುವಿಗೆ ಅಂತರ ಇಡುವ ವಿಧಾನ ಎಲ್ಲ ನೋಡಿದ ಮೇಲೆ ತಾಯಿಯ ಜೊತೆ ಒಂಟಿಯಾಗಿ ಕೂತು ಮೂರು ವಿಷಯ ಕೇಳಿ. ಆಸ್ಪತ್ರೆಯಲ್ಲಿ ಯಾರಾದರೂ ಬೈದರಾ? ಒಪ್ಪಿದ ಜಾಗದಲ್ಲೇ ಮಲಗಿದ್ದಿರಾ, ಎಷ್ಟು ರಾತ್ರಿ? ಮುಂದಿನ ಸಲ ಏನು ಬೇರೆ ಆಗಬೇಕು? ಉತ್ತರವನ್ನು ಹೆಸರಿಲ್ಲದೆ ಬರೆದು ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಯ ಮುಂದೆ ಓದಿ. ಅದೇ ಹಟ್ಟಿಯಲ್ಲಿ ಇನ್ನೊಬ್ಬಳು ಏಳನೇ ತಿಂಗಳಿಗೆ ಬಂದಿದ್ದರೆ, ಈ ಬಾಣಂತಿಯ ಅತ್ತೆಯನ್ನೇ ಆ ಮನೆಯ ಮಾತಿಗೆ ಜೊತೆಗೆ ಕರೆದುಕೊಂಡು ಹೋಗಿ.